ಸರಕಾರ ಹೇಳಿದ ಪಥ್ಯ

ಊಟದ ವಿಷಯದಲ್ಲಿ ಬುದ್ಧಿ ಹೇಳದ ಹಿರಿಯರು ನಮ್ಮ ನಾಡಿನಲ್ಲಿ ಇಲ್ಲವೆಂದೇ ಹೇಳಬೇಕು. ಬಾಣಂತಿಗೆ ಇದು ಕೂಡದು, ಜ್ವರದಿಂದ ಎದ್ದವನಿಗೆ ಅದು ಸಲ್ಲದು, ರಾತ್ರಿಯ ಹೊತ್ತು ಮೊಸರು ಬೇಡ ಎಂದು ಪ್ರತಿಯೊಂದು ಮನೆಯಲ್ಲಿಯೂ ಒಂದು ಪಥ್ಯಶಾಸ್ತ್ರ ನಡೆದುಬಂದಿದೆ. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಕಳೆದ ಅರ್ಧ ಶತಮಾನದಲ್ಲಿ ಈ ಹಿರಿಯರ ಸಾಲಿಗೆ ಇನ್ನೊಬ್ಬ ಹಿರಿಯರು ಬಂದು ಸೇರಿರುವರು, ಅವರೇ ಸರಕಾರ. ೨೦೨೪ನೆಯ ಮೇ ತಿಂಗಳಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ಭಾರತೀಯರಿಗಾಗಿ ೧೭ ಆಹಾರಸೂತ್ರಗಳನ್ನು ಪ್ರಕಟಿಸಿತು. ಬಗೆಬಗೆಯ ಆಹಾರವನ್ನು ತಿನ್ನಿ, ಉಪ್ಪನ್ನು ಮಿತಗೊಳಿಸಿ, ತರಕಾರಿಯನ್ನೂ ಬೇಳೆಕಾಳನ್ನೂ ಹೆಚ್ಚಿಸಿ ಎಂಬುದು ಅವುಗಳ ಸಾರ. ಇಂಥ ಸೂತ್ರಗಳನ್ನು ಪ್ರಕಟಿಸಿರುವ ದೇಶಗಳು ಇಂದು ನೂರಕ್ಕೂ ಹೆಚ್ಚು.

ಇವುಗಳಿಂದ ಜನರ ಆರೋಗ್ಯ ನಿಜವಾಗಿಯೂ ಉತ್ತಮಗೊಂಡಿದೆಯೆ? ಪ್ರಶ್ನೆ ಸರಳವಾಗಿ ಕಾಣುತ್ತದೆ. ಆದರೆ ಇದರ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇವುಗಳಿಂದಲೇ ಲಕ್ಷಾಂತರ ಜನ ಹೃದ್ರೋಗದಿಂದ ಪಾರಾದರೆಂದು ಒಂದು ಪಕ್ಷದವರು ಹೇಳುವರು. ಇವು ನಿಷ್ಫಲವಾದುವು ಮಾತ್ರವಲ್ಲ, ಜನರನ್ನು ದಾರಿ ತಪ್ಪಿಸಿ ಸ್ಥೂಲಕಾಯರನ್ನಾಗಿ ಮಾಡಿದುವೆಂದು ಇನ್ನೊಂದು ಪಕ್ಷದವರು ವಾದಿಸುವರು. ಇದು ಪಂಡಿತರ ಗೋಷ್ಠಿಗೆ ಮಾತ್ರ ಸೇರಿದ ವಿವಾದವಲ್ಲ. ಹಸುಗೂಸಿಗೆ ಯಾವ ತಿಂಗಳಲ್ಲಿ ಏನನ್ನು ಉಣಿಸಬೇಕು, ಶಾಲೆಯ ಮಕ್ಕಳ ತಟ್ಟೆಗೆ ಏನು ಬೀಳಬೇಕು ಎಂಬುದು ಬಹುಮಟ್ಟಿಗೆ ಇಂಥ ಸೂತ್ರಗಳಿಂದಲೇ ನಿರ್ಧಾರವಾಗುತ್ತದೆ. ಆದ್ದರಿಂದ ಎರಡೂ ಪಕ್ಷಗಳ ಸಾಕ್ಷ್ಯವನ್ನು ನಾವು ಇಲ್ಲಿ ಕೊಂಚ ಸಾವಧಾನವಾಗಿ ಪರಿಶೀಲಿಸೋಣ.

ಸರಪಣಿಯ ಕೊಂಡಿಗಳು

ಉಪದೇಶಕ್ಕೂ ಆರೋಗ್ಯಕ್ಕೂ ನಡುವೆ ಒಂದು ಸರಪಣಿಯುಂಟು. ಉಪದೇಶವು ಸತ್ಯವಾಗಿರಬೇಕು, ಇದು ಮೊದಲನೆಯ ಕೊಂಡಿ. ಜನರು ಅದನ್ನು ಕೇಳಿ, ಅದರಂತೆ ನಡೆಯಬೇಕು, ಇದು ಎರಡನೆಯದು. ಹಾಗೆ ನಡೆದುದರಿಂದ ದೇಹಕ್ಕೆ ಕಂಡುಹಿಡಿಯಬಹುದಾದಷ್ಟು ಹಿತವಾಗಬೇಕು; ಇದು ಮೂರನೆಯದು. ಇವುಗಳಲ್ಲಿ ಯಾವುದೊಂದು ಕಳಚಿದರೂ ಉಪದೇಶವು ಕಾಗದದ ಮೇಲೆಯೇ ಉಳಿಯುತ್ತದೆ.

ಇವುಗಳ ಜೊತೆಗೆ ಇನ್ನೊಂದು ತೊಡಕುಂಟು. ಸೂತ್ರಗಳು ಹೊರಟ ಬಳಿಕ ಜನರ ಆರೋಗ್ಯ ಹೆಚ್ಚಿತೆಂದು ಇಟ್ಟುಕೊಳ್ಳೋಣ. ಅದೇ ಕಾಲದಲ್ಲಿ ಹೊಸ ಔಷಧಗಳು ಬಂದಿರಬಹುದು, ಜನ ಧೂಮಪಾನವನ್ನು ಬಿಟ್ಟಿರಬಹುದು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಮಾತ್ರಕ್ಕೆ ಕೊಂಬೆಯನ್ನು ಕಾಗೆಯೇ ಮುರಿಯಿತೆನ್ನಲಾಗದು. ಈ ಎಚ್ಚರಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಈ ವಿವಾದದ ಮುಖ್ಯ ರಣರಂಗವಾದ ಅಮೆರಿಕಕ್ಕೆ ಹೋಗೋಣ.

ಅಮೆರಿಕದ ಅನುಭವ

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಹೃದ್ರೋಗವು ಸಾವಿನ ಮೊದಲನೆಯ ಕಾರಣವಾಗಿತ್ತು. ೧೯೭೭ರಲ್ಲಿ ಜಾರ್ಜ್ ಮೆಕ್‌ಗವರ್ನ್ ಎಂಬ ಸೆನೆಟರ ಅಧ್ಯಕ್ಷತೆಯ ಸಮಿತಿಯೊಂದು ದೇಶದ ಜನಕ್ಕೆ ಆಹಾರದ ಗುರಿಗಳನ್ನು ಗೊತ್ತುಮಾಡಿತು. ಆಹಾರದಿಂದ ದೊರೆಯುವ ಶಕ್ತಿಯಲ್ಲಿ ಕೊಬ್ಬಿನ ಪಾಲು ಶೇಕಡ ೪೦ರಿಂದ ೩೦ಕ್ಕೆ ಇಳಿಯಬೇಕು, ಪಿಷ್ಟ ಮೊದಲಾದುವುಗಳ ಪಾಲು ಏರಬೇಕು, ದಿನಕ್ಕೆ ೩೦೦ ಮಿಲಿಗ್ರಾಮಿಗಿಂತ ಹೆಚ್ಚು ಕೊಲೆಸ್ಟರಾಲು ಬೇಡ ಎಂಬುವು ಅವುಗಳಲ್ಲಿ ಮುಖ್ಯವಾದುವು. ದನ ಸಾಕುವವರಿಂದಲೂ ಮೊಟ್ಟೆಯ ವ್ಯಾಪಾರಿಗಳಿಂದಲೂ ಪ್ರತಿಭಟನೆ ಬಂದಿತು. ‘ಮಾಂಸವನ್ನು ಕಡಮೆ ಮಾಡಿ’ ಎಂದಿದ್ದ ಮಾತು ಅದೇ ವರ್ಷದ ಎರಡನೆಯ ಮುದ್ರಣದಲ್ಲಿ ಪ್ರಾಣಿಜನ್ಯ ಕೊಬ್ಬನ್ನು ಕಡಮೆ ಮಾಡಿ, ಅದಕ್ಕೆ ತಕ್ಕ ಮಾಂಸವನ್ನು ಆರಿಸಿಕೊಳ್ಳಿ ಎಂದು ಮೃದುವಾಯಿತು. ಸಾಕ್ಷ್ಯ ಇನ್ನೂ ಸಾಲದೆಂದು ಕೆಲವು ವಿಜ್ಞಾನಿಗಳೂ ಆಕ್ಷೇಪಿಸಿದರು. ಆದರೂ ೧೯೮೦ರಲ್ಲಿ ಕೃಷಿ ಮತ್ತು ಆರೋಗ್ಯ ಇಲಾಖೆಗಳು ಸೇರಿ ಮೊದಲ ಅಧಿಕೃತ ಸೂತ್ರಗಳನ್ನು ಹೊರಡಿಸಿದುವು. ಅಂದಿನಿಂದ ಸುಮಾರು ಐದು ವರ್ಷಗಳಿಗೊಮ್ಮೆ ಅವು ಪರಿಷ್ಕೃತವಾಗುತ್ತ ಬಂದಿವೆ.

ಇದರ ಪರಿಣಾಮವೇನಾಯಿತು? ಆಕ್ಷೇಪಿಸುವವರು ಮೊದಲು ತೋರಿಸುವುದು ಸ್ಥೂಲಕಾಯದ ಅಂಕಿಗಳನ್ನು. ೧೯೭೬ರಿಂದ ೧೯೮೦ರ ಅವಧಿಯಲ್ಲಿ ಅಮೆರಿಕದ ವಯಸ್ಕರಲ್ಲಿ ನೂರಕ್ಕೆ ಸುಮಾರು ೧೫ ಜನ ಅತಿಸ್ಥೂಲರಾಗಿದ್ದರು. ೨೦೧೭–೧೮ರ ಹೊತ್ತಿಗೆ ಅವರ ಸಂಖ್ಯೆ ನೂರಕ್ಕೆ ೪೨ ಆಯಿತು. ಕೊಬ್ಬನ್ನು ಬಿಡಿರೆಂದು ಹೇಳಿದುದರಿಂದ ಜನ ಸಕ್ಕರೆಗೂ ಮೈದಾಕ್ಕೂ ಕೈಹಾಕಿದರು, ಆದ್ದರಿಂದಲೇ ಈ ಅನರ್ಥ ಎಂಬುದು ಅವರ ವಾದ.

ಈ ವಾದದಲ್ಲಿ ಸತ್ಯಾಂಶವಿದೆ. ಆದರೆ ಲೆಕ್ಕವನ್ನು ನಾವೇ ಹಾಕಿ ನೋಡುವುದು ಒಳ್ಳೆಯದು. ೧೯೭೧ರ ಸಮೀಕ್ಷೆಯಿಂದ ೨೦೦೦ದ ಸಮೀಕ್ಷೆಯ ವೇಳೆಗೆ ಅಮೆರಿಕದ ಸ್ತ್ರೀಯರ ಆಹಾರದಲ್ಲಿ ಕೊಬ್ಬಿನ ಪಾಲು ಶೇಕಡ ೩೬ರಿಂದ ೩೩ಕ್ಕೆ ಇಳಿಯಿತು. ಉಪದೇಶ ಫಲಿಸಿತೆಂದು ಹಿಗ್ಗಬೇಡಿ. ಅದೇ ಅವಧಿಯಲ್ಲಿ ಅವರು ದಿನಕ್ಕೆ ತಿನ್ನುವ ಒಟ್ಟು ಆಹಾರ ೧,೫೪೨ ಕ್ಯಾಲೊರಿಗಳಿಂದ ೧,೮೭೭ ಕ್ಯಾಲೊರಿಗಳಿಗೆ ಏರಿತು. ಒಂದು ಗ್ರಾಮು ಕೊಬ್ಬಿನಿಂದ ೯ ಕ್ಯಾಲೊರಿ ದೊರೆಯುವುದೆಂಬ ಲೆಕ್ಕದಲ್ಲಿ, ಮೊದಲು ದಿನಕ್ಕೆ ಸುಮಾರು ೬೨ ಗ್ರಾಮು ಕೊಬ್ಬನ್ನು ತಿನ್ನುತ್ತಿದ್ದವರು ಕೊನೆಗೆ ಸುಮಾರು ೬೮ ಗ್ರಾಮನ್ನು ತಿನ್ನತೊಡಗಿದರು! ಕೊಬ್ಬು ಕರಗಲಿಲ್ಲ, ಅದರ ಸುತ್ತ ಇದ್ದ ಪಿಷ್ಟವೂ ಸಕ್ಕರೆಯೂ ಬೆಳೆದುವು. ಗಂಡಸರಲ್ಲಿ ಕೊಬ್ಬಿನ ಪ್ರಮಾಣ ಅಲ್ಪಸ್ವಲ್ಪ ಇಳಿದರೂ ಒಟ್ಟು ಆಹಾರ ಏರಿಯೇ ಇತ್ತು. ಅಂದಮೇಲೆ, ಜನ ಸೂತ್ರವನ್ನು ಪಾಲಿಸಿ ಕೆಟ್ಟರೆನ್ನುವುದಕ್ಕಿಂತ, ಸೂತ್ರದಲ್ಲಿ ತಮಗೆ ಅನುಕೂಲವಾದ ಅರ್ಧವನ್ನು ಮಾತ್ರ ಎತ್ತಿಕೊಂಡರೆನ್ನುವುದು ಹೆಚ್ಚು ಸರಿ. ಆ ಅರ್ಧವನ್ನು ಅವರ ಕೈಗೆ ಎತ್ತಿಕೊಟ್ಟುದು ಮಾರುಕಟ್ಟೆ. ‘ಕೊಬ್ಬು ಕಡಮೆ’ ಎಂಬ ಚೀಟಿಯನ್ನು ಅಂಟಿಸಿದ ಸಿಹಿ ಬಿಸ್ಕತ್ತು ಪಥ್ಯದ ವೇಷ ತೊಟ್ಟು ಅಂಗಡಿಯಲ್ಲಿ ಕುಳಿತಿತು.

ಈಗ ಇನ್ನೊಂದು ಪಕ್ಷದ ಸಾಕ್ಷ್ಯವನ್ನು ನೋಡೋಣ. ೧೯೮೦ರಿಂದ ೨೦೦೦ದವರೆಗಿನ ಇಪ್ಪತ್ತು ವರ್ಷಗಳಲ್ಲಿ, ವಯಸ್ಸಿನ ವ್ಯತ್ಯಾಸವನ್ನು ಸರಿಪಡಿಸಿ ನೋಡಿದರೂ, ಅಮೆರಿಕದಲ್ಲಿ ಹೃದಯದ ರಕ್ತನಾಳಗಳ ರೋಗದಿಂದ ಸಾಯುವವರ ಪ್ರಮಾಣ ಹೆಚ್ಚುಕಡಮೆ ಅರ್ಧಕ್ಕೆ ಇಳಿಯಿತು. ಈ ಇಳಿತವನ್ನು ವಿಶ್ಲೇಷಿಸಿ ೨೦೦೭ರಲ್ಲಿ ಪ್ರಕಟವಾದ ಪ್ರಸಿದ್ಧ ಲೆಕ್ಕಾಚಾರವೊಂದರ ಪ್ರಕಾರ, ಅದರ ಶೇಕಡ ೪೭ ಭಾಗ ಚಿಕಿತ್ಸೆಯ ಫಲ. ಶೇಕಡ ೪೪ ಭಾಗ ರಕ್ತದ ಕೊಲೆಸ್ಟರಾಲು, ರಕ್ತದ ಒತ್ತಡ, ಧೂಮಪಾನ ಮೊದಲಾದ ಅಪಾಯಕಾರಣಗಳು ಇಳಿದುದರ ಫಲ. ಕೊಲೆಸ್ಟರಾಲಿನ ಇಳಿತವೊಂದರ ಪಾಲೇ ಶೇಕಡ ೨೪. ಇದರಲ್ಲಿ ಆಹಾರಕ್ಕೂ ಪಾಲು ಇರಲೇಬೇಕು. ಆದರೆ ಅದೇ ಲೆಕ್ಕದಲ್ಲಿ, ಹೆಚ್ಚಿದ ಸ್ಥೂಲಕಾಯವೂ ಮಧುಮೇಹವೂ ಈ ಲಾಭದಲ್ಲಿ ಸುಮಾರು ಶೇಕಡ ೧೮ನ್ನು ತಿಂದುಹಾಕಿದುವು. ಒಂದು ಕೈಯಿಂದ ಬಂದುದು ಇನ್ನೊಂದು ಕೈಯಿಂದ ಹೋಯಿತು. ಇಡೀ ದೇಶವೇ ಪ್ರಯೋಗಶಾಲೆಯಾಗಿ, ಹೋಲಿಸಲು ಇನ್ನೊಂದು ಅಮೆರಿಕ ಇಲ್ಲದಿರುವಾಗ, ತೀರ್ಪು ಇಷ್ಟಕ್ಕೇ ನಿಲ್ಲುತ್ತದೆ.

ಪರೀಕ್ಷೆಗೆ ನಿಂತ ಉಪದೇಶ

ಹಾಗಾದರೆ ಉಪದೇಶವನ್ನು ನೇರವಾಗಿ ಪರೀಕ್ಷಿಸಬಾರದೆ? ಪರೀಕ್ಷಿಸಿದ್ದಾರೆ. ೧೯೯೩ರಲ್ಲಿ ಅಮೆರಿಕ ಸರಕಾರದ ವೆಚ್ಚದಲ್ಲಿ ಆರಂಭವಾದ ಪ್ರಯೋಗಕ್ಕೆ ೫೦ರಿಂದ ೭೯ ವಯಸ್ಸಿನ ೪೮,೮೩೫ ಸ್ತ್ರೀಯರು ಸೇರಿದರು. ಚೀಟಿ ಎತ್ತಿದಂತೆ ಅವರನ್ನು ಎರಡು ಗುಂಪುಮಾಡಿ, ಒಂದು ಗುಂಪಿಗೆ ಕೊಬ್ಬನ್ನು ಶೇಕಡ ೨೦ಕ್ಕೆ ಇಳಿಸಿ ತರಕಾರಿ, ಹಣ್ಣು, ಧಾನ್ಯಗಳನ್ನು ಹೆಚ್ಚಿಸುವಂತೆ ಬೋಧಿಸಿದರು. ಮೊದಲನೆಯ ವರ್ಷವೇ ೧೮ ಸಭೆಗಳು, ಆಮೇಲೆ ಮೂರು ತಿಂಗಳಿಗೊಮ್ಮೆ ಒಂದು. ಇನ್ನೊಂದು ಗುಂಪಿನವರನ್ನು ಅವರಷ್ಟಕ್ಕೆ ಬಿಟ್ಟರು. ಇಷ್ಟು ಶ್ರದ್ಧೆಯಿಂದ ಬೋಧಿಸುವ ಗುರು ಯಾವ ದೇಶದ ಪ್ರಜೆಗೂ ದೊರೆಯಲಾರ.

ಆದರೂ ಗುರಿ ಕೈಗೂಡಲಿಲ್ಲ. ಮೊದಲನೆಯ ವರ್ಷದಲ್ಲಿ ಶೇಕಡ ೨೪ಕ್ಕೆ ಇಳಿದ ಕೊಬ್ಬು ಆರನೆಯ ವರ್ಷದ ಹೊತ್ತಿಗೆ ೨೯ಕ್ಕೆ ಮರಳಿತು. ಇನ್ನೊಂದು ಗುಂಪಿನಲ್ಲಿ ಆಗ ಅದು ಸುಮಾರು ೩೭. ಸರಾಸರಿ ಎಂಟು ವರ್ಷಗಳ ಬಳಿಕ, ೨೦೦೬ರಲ್ಲಿ, ಫಲಿತಾಂಶ ಹೊರಬಿದ್ದಿತು. ಹೃದ್ರೋಗದಲ್ಲಾಗಲಿ, ಸ್ತನದ ಮತ್ತು ದೊಡ್ಡ ಕರುಳಿನ ಅರ್ಬುದದಲ್ಲಾಗಲಿ ಎರಡು ಗುಂಪುಗಳ ನಡುವೆ ನಿಸ್ಸಂಶಯವಾಗಿ ಹೇಳಬಹುದಾದ ಅಂತರ ಕಾಣಲಿಲ್ಲ. ಸ್ತನದ ಅರ್ಬುದ ಶೇಕಡ ೯ರಷ್ಟು ಕಡಮೆಯಾದಂತೆ ಕಂಡರೂ ಅದು ಆಕಸ್ಮಿಕವಿರಬಹುದಾದಷ್ಟು ಚಿಕ್ಕದು.

ಇದರಿಂದ ಎರಡು ಪಾಠಗಳು ದೊರೆತುವು. ಕೊಬ್ಬೆಲ್ಲವೂ ಒಂದೇ ಎಂದು ಭಾವಿಸಿದ್ದು ಒರಟಾದ ಉಪದೇಶವಾಗಿತ್ತು. ಕೊಬ್ಬಿನ ಮೊತ್ತಕ್ಕಿಂತ ಅದರ ಜಾತಿ ಮುಖ್ಯ. ಮುಂದಿನ ಸೂತ್ರಗಳು ಈ ಕಡೆಗೆ ತಿರುಗಿದುವು. ೩೦೦ ಮಿಲಿಗ್ರಾಮು ಕೊಲೆಸ್ಟರಾಲಿನ ಮಿತಿಯನ್ನೂ ೨೦೧೫ರ ಸೂತ್ರಗಳು ಕೈಬಿಟ್ಟುವು. ಇದು ಮೊದಲನೆಯದು. ಎರಡನೆಯದು ಇನ್ನೂ ದೊಡ್ಡದು: ತಾವಾಗಿ ಮುಂದೆ ಬಂದವರೂ, ಎಷ್ಟು ಬೋಧಿಸಿದರೂ, ನಾಲಗೆಯ ಹಳೆಯ ದಾರಿಗೆ ಹೊರಳುವರು.

ಪಾಲಿಸಿದವರಿಗೇ ಆದ ಕೇಡು

ಉಪದೇಶವು ವ್ಯರ್ಥವಾದರೆ ಕಾಗದ ನಷ್ಟ. ತಪ್ಪಾದ ಉಪದೇಶವನ್ನು ಜನ ನಂಬಿ ಪಾಲಿಸಿದರೆ? ಕಡಲೆಕಾಯಿಯ ಕಥೆ ಇದಕ್ಕೆ ಉತ್ತರ ಹೇಳುತ್ತದೆ.

ನಮ್ಮಲ್ಲಿ ಹುರಿದು, ಬೇಯಿಸಿ, ಚಟ್ನಿ ಮಾಡಿ ತಿನ್ನುವ ಈ ಕಡಲೆಕಾಯಿ, ಎಂದರೆ ಶೇಂಗಾ, ಕೆಲವರ ದೇಹಕ್ಕೆ ಒಗ್ಗದೆ ಪ್ರಾಣಾಪಾಯವನ್ನೇ ತರುವುದುಂಟು. ಇದಕ್ಕೆ ಅಲರ್ಜಿ ಎಂದು ಹೆಸರು. ಪಾಶ್ಚಾತ್ಯ ದೇಶಗಳಲ್ಲಿ ಇದು ಹೆಚ್ಚುತ್ತಿರುವುದನ್ನು ಕಂಡು, ಬ್ರಿಟನ್ನಿನ ಸರಕಾರದ ತಜ್ಞರು ೧೯೯೮ರಲ್ಲಿಯೂ, ಅಮೆರಿಕದ ಶಿಶುವೈದ್ಯರ ಅಕಾಡೆಮಿಯವರು ೨೦೦೦ದಲ್ಲಿಯೂ, ಅಲರ್ಜಿಯ ಮನೆತನದ ಮಕ್ಕಳಿಗೆ ಮೂರು ವರ್ಷ ತುಂಬುವವರೆಗೆ ಕಡಲೆಕಾಯಿ ಬೇಡವೆಂದು ಹೇಳಿದರು. ವಿಷವೆನಿಸಿದುದನ್ನು ದೂರವಿಡುವುದು ಜಾಣತನವೆಂದು ಯಾರಿಗಾದರೂ ತೋರುತ್ತದೆ. ತಾಯಂದಿರು ನಂಬಿದರು, ಪಾಲಿಸಿದರು. ಆದರೆ ಅಲರ್ಜಿ ಇಳಿಯಲಿಲ್ಲ.

ಲಂಡನ್ನಿನ ವೈದ್ಯ ಗಿಡಿಯನ್ ಲ್ಯಾಕ್ ಮತ್ತು ಅವರ ಸಂಗಡಿಗರು ೨೦೦೮ರಲ್ಲಿ ಒಂದು ವಿಚಿತ್ರವನ್ನು ವರದಿಮಾಡಿದರು. ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಈ ಅಲರ್ಜಿಯು ಇಸ್ರೇಲಿನ ಯಹೂದಿ ಮಕ್ಕಳಲ್ಲಿರುವುದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು. ವಂಶವೊಂದೇ, ಊಟ ಬೇರೆ: ಇಸ್ರೇಲಿನಲ್ಲಿ ಹಲ್ಲು ಬಾರದ ಕೂಸುಗಳೂ ಕಡಲೆಕಾಯಿ ಬೆರೆಸಿದ ಮೆದುವಾದ ಪುರಿಯನ್ನು ಚೀಪುತ್ತವೆ. ಅದೇ ವರ್ಷ ಅಮೆರಿಕದ ಅಕಾಡೆಮಿ ತನ್ನ ಹಳೆಯ ಸಲಹೆಯನ್ನು ಕೈಬಿಟ್ಟಿತು. ಲ್ಯಾಕ್ ಅವರು ಅಲ್ಲಿಗೆ ನಿಲ್ಲದೆ, ಅಲರ್ಜಿಯ ಅಪಾಯವಿದ್ದ ೬೪೦ ಶಿಶುಗಳನ್ನು ಎರಡು ಗುಂಪುಮಾಡಿ, ಒಂದಕ್ಕೆ ಕಡಲೆಕಾಯಿಯನ್ನು ಕೊಟ್ಟು ಇನ್ನೊಂದಕ್ಕೆ ನಿಲ್ಲಿಸಿ, ಐದನೆಯ ವಯಸ್ಸಿನವರೆಗೆ ನೋಡಿದರು. ೨೦೧೫ರಲ್ಲಿ ಫಲಿತಾಂಶ ಬಂದಿತು. ದೂರವಿಟ್ಟ ಮಕ್ಕಳಲ್ಲಿ ನೂರಕ್ಕೆ ೧೭ ಮಂದಿಗೆ ಅಲರ್ಜಿ. ತಿಂದ ಮಕ್ಕಳಲ್ಲಿ ನೂರಕ್ಕೆ ೩ ಮಂದಿಗೆ ಮಾತ್ರ. ಪಥ್ಯವೇ ರೋಗಕ್ಕೆ ದಾರಿಮಾಡಿಕೊಟ್ಟಿತ್ತು. ೨೦೧೭ರಲ್ಲಿ ಅಮೆರಿಕದ ಸೂತ್ರವು ತಲೆಕೆಳಗಾಗಿ, ಅಂಥ ಮಕ್ಕಳಿಗೆ ವೈದ್ಯರ ಕಣ್ಣಿನಡಿಯಲ್ಲಿ ಬೇಗನೆ ಕೊಡಿರೆಂದು ಹೇಳತೊಡಗಿತು. (ಕೂಸಿಗೆ ಇಡಿಯ ಕಾಳನ್ನು ಎಂದೂ ಕೊಡಬಾರದು, ಅದು ಗಂಟಲಲ್ಲಿ ಸಿಕ್ಕುವ ಭಯವಿದೆ. ಪ್ರಯೋಗದಲ್ಲಿ ಬಳಸಿದುದು ನುಣ್ಣಗೆ ಅರೆದುದನ್ನು ಇಲ್ಲವೆ ಮೆದುವಾದ ಪುರಿಯನ್ನು.)

ಇಲ್ಲಿ ತಪ್ಪಿದ ತಜ್ಞರು ದುರುದ್ದೇಶದವರಲ್ಲ. ಅವರು ಮಾಡಿದ ತಪ್ಪು ಒಂದೇ: ಪರೀಕ್ಷಿಸದ ಊಹೆಗೆ ಅಧಿಕಾರದ ಮುದ್ರೆಯೊತ್ತಿದುದು.

ಸತ್ಯವಾದ ಉಪದೇಶವೂ ಸೋತುದು

ಉಪದೇಶವು ಪ್ರಯೋಗದಿಂದ ಸ್ಥಿರಪಟ್ಟಿದ್ದರೆ ಸಾಕಲ್ಲವೆ? ಅದೂ ಸಾಲದೆಂಬುದಕ್ಕೆ ಫೋಲಿಕ್ ಆಮ್ಲದ ಇತಿಹಾಸವೇ ಸಾಕ್ಷಿ.

ಗರ್ಭದಲ್ಲಿರುವ ಶಿಶುವಿನ ಬೆನ್ನುಹುರಿ ಮತ್ತು ಮಿದುಳು ಒಂದು ಚಿಕ್ಕ ನಳಿಕೆಯಾಗಿ ಮೊದಲಾಗುತ್ತವೆ. ಗರ್ಭಕಟ್ಟಿದ ಸುಮಾರು ೨೮ನೆಯ ದಿನದೊಳಗಾಗಿ ಆ ನಳಿಕೆ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಮಗು ಸತ್ತು ಹುಟ್ಟಬಹುದು, ಇಲ್ಲವೆ ಕಾಲುಗಳಲ್ಲಿ ಶಕ್ತಿಯಿಲ್ಲದೆ ಬಾಳಬೇಕಾಗಬಹುದು. ಹಸಿರು ಸೊಪ್ಪು, ಕಾಳುಗಳಲ್ಲಿರುವ ಫೋಲೇಟ್ ಎಂಬ ಜೀವಸತ್ವದ ಕೃತಕ ರೂಪವೇ ಫೋಲಿಕ್ ಆಮ್ಲ. ಹಿಂದೆ ಇಂಥ ಮಗುವನ್ನು ಹೆತ್ತಿದ್ದ ತಾಯಂದಿರಿಗೆ ಅದನ್ನು ಮೊದಲೇ ಕೊಟ್ಟರೆ ಈ ದೋಷವು ಶೇಕಡ ೭೨ರಷ್ಟು ತಪ್ಪುವುದೆಂದು ೧೯೯೧ರಲ್ಲಿ ಬ್ರಿಟಿಷ್ ವೈದ್ಯಕೀಯ ಸಂಶೋಧನ ಮಂಡಲಿಯ ಪ್ರಯೋಗದಿಂದ ಸಿದ್ಧಪಟ್ಟಿತು. ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಪೋಷಣಶಾಸ್ತ್ರದಲ್ಲಿ ಅಪರೂಪ.

೧೯೯೨ರಲ್ಲಿ ಬ್ರಿಟನ್ನೂ ಅಮೆರಿಕವೂ, ಅನಂತರ ಯೂರೋಪಿನ ಇತರ ಅನೇಕ ದೇಶಗಳೂ, ಗರ್ಭಿಣಿಯರಾಗಬಯಸುವ ಸ್ತ್ರೀಯರು ಫೋಲಿಕ್ ಆಮ್ಲವನ್ನು ಸೇವಿಸಬೇಕೆಂದು ಉಪದೇಶಿಸಿದುವು. ಆದರೆ ಇಪ್ಪತ್ತೆಂಟನೆಯ ದಿನಕ್ಕೆ ತಾನು ಗರ್ಭಿಣಿಯೆಂಬುದೇ ಎಷ್ಟೋ ಮಂದಿಗೆ ತಿಳಿದಿರುವುದಿಲ್ಲ. ತಿಳಿದು ಗುಳಿಗೆ ನುಂಗುವ ಹೊತ್ತಿಗೆ ನಳಿಕೆಯ ಕಥೆ ಮುಗಿದಿರುತ್ತದೆ. ಯೂರೋಪಿನ ೧೯ ದೇಶಗಳಲ್ಲಿ ೧೯೯೧ರಿಂದ ೨೦೧೧ರವರೆಗಿನ ದಾಖಲೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಇಪ್ಪತ್ತು ವರ್ಷಗಳ ಉಪದೇಶದ ಬಳಿಕವೂ ಈ ದೋಷದ ಪ್ರಮಾಣದಲ್ಲಿ ಒಟ್ಟಾರೆ ಇಳಿತ ಕಾಣಲಿಲ್ಲ.

ಅಮೆರಿಕವೂ ಕೆನಡವೂ ಇನ್ನೊಂದು ದಾರಿಯನ್ನು ಹಿಡಿದುವು. ೧೯೯೮ರಿಂದ ಹಿಟ್ಟಿನ ಗಿರಣಿಗಳಲ್ಲಿಯೇ ಫೋಲಿಕ್ ಆಮ್ಲವನ್ನು ಬೆರೆಸಬೇಕೆಂದು ಕಟ್ಟಳೆಮಾಡಿದುವು. ಕೆನಡದಲ್ಲಿ ಸಾವಿರ ಜನನಗಳಿಗೆ ೧.೫೮ ಇದ್ದ ದೋಷವು ೦.೮೬ಕ್ಕೆ, ಎಂದರೆ ಶೇಕಡ ೪೬ರಷ್ಟು ಇಳಿಯಿತು. ಅದೇ ಜ್ಞಾನ, ಅದೇ ಜೀವಸತ್ವ. ಒಂದು ಕಡೆ ಅದು ಕರಪತ್ರದಲ್ಲಿತ್ತು, ಇನ್ನೊಂದು ಕಡೆ ರೊಟ್ಟಿಯಲ್ಲಿತ್ತು. ಉಪದೇಶವನ್ನು ಮೊದಲು ಹೇಳಿದವರಲ್ಲಿ ಒಂದಾದ ಬ್ರಿಟನ್ನು ತನ್ನ ಹಿಟ್ಟಿಗೆ ಅದನ್ನು ಬೆರೆಸುವ ನಿಯಮ ಮಾಡಿದುದು ೨೦೨೪ರಲ್ಲಿ. ಮೂವತ್ತೆರಡು ವರ್ಷಗಳ ಮೇಲೆ. ನಡುವೆ ಹುಟ್ಟಿದ ಎಷ್ಟು ಮಕ್ಕಳು ಈ ವಿಳಂಬದ ಬೆಲೆಯನ್ನು ತೆತ್ತರೆಂಬುದನ್ನು ವಾಚಕರೇ ಊಹಿಸಬಹುದು.

ಉತ್ತರ ಕರೇಲಿಯದ ಜನ

ಉಪದೇಶವೂ ಸರಬರಾಯಿಯೂ ಕೈಗೂಡಿಸಿದಾಗ ಏನಾಗುವುದೆಂಬುದನ್ನು ಫಿನ್ಲೆಂಡಿನ ಉತ್ತರ ಕರೇಲಿಯದಲ್ಲಿ ನೋಡಬಹುದು. ಕಾಡು ಕಡಿದು ಹಸು ಸಾಕಿ ಬಾಳುವ ಆ ಪ್ರಾಂತದ ಗಟ್ಟಿಮುಟ್ಟಾದ ಗಂಡಸರು ನಡುವಯಸ್ಸಿನಲ್ಲಿಯೇ ಹೃದ್ರೋಗದಿಂದ ಸಾಯುತ್ತಿದ್ದರು. ೧೯೭೧ರಲ್ಲಿ ಅಲ್ಲಿಯ ಪ್ರತಿನಿಧಿಗಳು ಸರಕಾರಕ್ಕೆ ಮನವಿ ಸಲ್ಲಿಸಿದರು; ೧೯೭೨ರಲ್ಲಿ ಪೆಕ್ಕ ಪುಸ್ಕ ಎಂಬ ತರುಣ ವೈದ್ಯರ ಮುಂದಾಳುತನದಲ್ಲಿ ಕೆಲಸ ಆರಂಭವಾಯಿತು.

ಅವರು ಉಪದೇಶವನ್ನು ಹೇಳದೆ ಇರಲಿಲ್ಲ. ಆದರೆ ಅದನ್ನು ಗೃಹಿಣಿಯರ ಸಂಘಗಳ ಮೂಲಕ ಅಡಿಗೆಯ ಮನೆಗೆ ಕೊಂಡೊಯ್ದರು. ಹಳೆಯ ಅಡಿಗೆಗಳನ್ನೇ ಕೊಬ್ಬನ್ನೂ ಉಪ್ಪನ್ನೂ ಇಳಿಸಿ, ತರಕಾರಿ ಸೇರಿಸಿ, ಊರ ಕೂಟಗಳಲ್ಲಿ ಮಾಡಿ ಬಡಿಸಿದರು. ಮಾಂಸದ ತಿಂಡಿ ಮಾಡುವವರನ್ನು ಕೊಬ್ಬಿಗೆ ಬದಲು ಅಣಬೆ ಬೆರೆಸಲು ಒಪ್ಪಿಸಿದರು. ಕೊಬ್ಬು ಕಡಮೆಯಾದ ಹಾಲು ಅಂಗಡಿಗೆ ಬಂದಿತು. ಅಲ್ಲಿಯ ಚಳಿಯಲ್ಲಿ ಬೆಳೆಯುವ, ಸಾಸಿವೆಯ ಜಾತಿಗೆ ಸೇರಿದ ಬೀಜದ ಎಣ್ಣೆ ಬೆಣ್ಣೆಯ ಸ್ಥಾನಕ್ಕೆ ಬಂದಿತು. ಬೆಣ್ಣೆ ಮಾರಾಟವಾಗದೆ ಹಾಲಿನ ರೈತ ಕೆಡಬಾರದೆಂದು, ಅವನು ಬೆರ್ರಿ ಹಣ್ಣುಗಳನ್ನು ಬೆಳೆಯಲು ನೆರವಾದರು. ೧೯೬೯–೭೧ರಲ್ಲಿ, ೩೫ರಿಂದ ೬೪ ವಯಸ್ಸಿನ ಗಂಡಸರಲ್ಲಿ ಲಕ್ಷಕ್ಕೆ ೬೭೨ ಮಂದಿ ವರ್ಷವರ್ಷವೂ ಈ ರೋಗದಿಂದ ಸಾಯುತ್ತಿದ್ದರು. ೨೦೦೬ರಲ್ಲಿ ಆ ಸಂಖ್ಯೆ ೧೦೩.

ಇಲ್ಲಿಯೂ ಕಾಗೆಯ ಮತ್ತು ಕೊಂಬೆಯ ಪ್ರಶ್ನೆ ಬಿಡುವುದಿಲ್ಲ. ಅದೇ ಕಾಲದಲ್ಲಿ ಚಿಕಿತ್ಸೆ ಸುಧಾರಿಸಿತು, ಧೂಮಪಾನ ಇಳಿಯಿತು. ಹೋಲಿಕೆಗೆಂದು ಇಟ್ಟುಕೊಂಡ ನೆರೆಯ ಪ್ರಾಂತದಲ್ಲಿಯೂ, ಬಳಿಕ ಇಡೀ ಫಿನ್ಲೆಂಡಿನಲ್ಲಿಯೂ ಸಾವು ಇಳಿಯಿತು. ಹೊಸ ಆಹಾರವು ಪ್ರಾಂತದ ಗಡಿಯನ್ನು ದಾಟಿದುದೇ ಇದಕ್ಕೆ ಕಾರಣವೆಂದು ಕೆಲವರು, ಯೋಜನೆ ಇಲ್ಲದಿದ್ದರೂ ಇದು ಆಗುತ್ತಿತ್ತೆಂದು ಕೆಲವರು ಹೇಳುವರು. ಆದರೆ ಅಲ್ಲಿಯ ಜನರ ರಕ್ತದ ಕೊಲೆಸ್ಟರಾಲು ಬಹಳ ಇಳಿಯಿತೆಂಬುದರಲ್ಲಿಯೂ, ಅವರ ತಟ್ಟೆ ಬದಲಾಗದೆ ಅದು ಇಳಿಯುತ್ತಿರಲಿಲ್ಲವೆಂಬುದರಲ್ಲಿಯೂ ವಿವಾದಕ್ಕೆ ಎಡೆ ಕಡಮೆ.

ನಮ್ಮ ತಟ್ಟೆ

ಈಗ ನಮ್ಮ ಮನೆಗೆ ಬರೋಣ. ನಮ್ಮ ದೇಶದಲ್ಲಿ ಪೋಷಣಶಾಸ್ತ್ರ ಹೊಸದಲ್ಲ. ೧೯೧೮ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಆರಂಭಿಸಿದ ಚಿಕ್ಕ ಪ್ರಯೋಗಶಾಲೆಯೇ ಬೆಳೆದು, ೧೯೫೮ರಲ್ಲಿ ಹೈದರಾಬಾದಿಗೆ ಹೋಗಿ, ೧೯೬೯ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯೆಂದು ಹೆಸರಾಯಿತು.

ಉಪದೇಶಕ್ಕಿಂತ ಸರಬರಾಯಿ ಮೇಲೆಂಬುದಕ್ಕೆ ನಮ್ಮ ಇತಿಹಾಸದಲ್ಲಿಯೇ ಸಾಕ್ಷ್ಯವಿದೆ. ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ಗಳಗಂಡದ ಪೀಡೆ ಬಲವಾಗಿತ್ತು. ೧೯೫೬ರಿಂದ ವಿ. ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ ಆ ಕಣಿವೆಯನ್ನು ಮೂರು ವಲಯಗಳಾಗಿ ಮಾಡಿ, ಎರಡಕ್ಕೆ ಅಯೊಡೀನು ಬೆರೆಸಿದ ಉಪ್ಪನ್ನೂ ಒಂದಕ್ಕೆ ಬರಿಯ ಉಪ್ಪನ್ನೂ ಒದಗಿಸಿದರು. ಕೆಲವೇ ವರ್ಷಗಳಲ್ಲಿ ಮೊದಲ ಎರಡರಲ್ಲಿ ಗಳಗಂಡ ಚೆನ್ನಾಗಿ ಇಳಿಯಿತು, ಮೂರನೆಯದರಲ್ಲಿ ಇಳಿಯಲಿಲ್ಲ. ಯಾರೂ ತಮ್ಮ ಊಟವನ್ನು ಬದಲಿಸಬೇಕಾಗಿರಲಿಲ್ಲ, ಉಪ್ಪು ತಾನೇ ಬದಲಾಗಿತ್ತು. ೧೯೬೨ರಲ್ಲಿ ಇದು ರಾಷ್ಟ್ರೀಯ ಕಾರ್ಯಕ್ರಮವಾಯಿತು. ವನಸ್ಪತಿಯ ಸಂಗತಿಯೂ ಹೀಗೆಯೇ. ಅದರಲ್ಲಿರುವ ‘ಟ್ರಾನ್ಸ್’ ಜಾತಿಯ ಕೊಬ್ಬು ಹೃದಯಕ್ಕೆ ಕೆಡಕೆಂದು ತಿಳಿದ ಬಳಿಕ, ೨೦೦೩ರಲ್ಲಿ ಡೆನ್ಮಾರ್ಕ್ ಎಲ್ಲರಿಗಿಂತ ಮೊದಲು ಅದಕ್ಕೆ ಕಾನೂನಿನ ಕಡಿವಾಣ ಹಾಕಿತು. ೨೦೨೨ರ ಜನವರಿಯಿಂದ ನಮ್ಮ ದೇಶದಲ್ಲಿಯೂ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಅದು ಶೇಕಡ ೨ನ್ನು ಮೀರಬಾರದೆಂಬ ನಿಯಮವಿದೆ. ಆ ಹೆಸರನ್ನೇ ಕೇಳದ ಗೃಹಿಣಿಗೂ ಇದರಿಂದ ರಕ್ಷಣೆಯುಂಟು.

ಇನ್ನು ೨೦೨೪ರ ಸೂತ್ರಗಳನ್ನು ಈ ಬೆಳಕಿನಲ್ಲಿ ನೋಡೋಣ. ದಿನದ ಶಕ್ತಿಯಲ್ಲಿ ಧಾನ್ಯದ ಪಾಲು ಶೇಕಡ ೪೫ನ್ನು ಮೀರಬಾರದು. ಬೇಳೆ, ಕಾಳು, ಮಾಂಸಗಳ ಪಾಲು ೧೫ರವರೆಗೆ ಇರಬೇಕು. ಉಳಿದುದು ತರಕಾರಿ, ಹಣ್ಣು, ಹಾಲು, ಕಡಲೆಬೀಜದಂಥವುಗಳಿಂದ ಬರಬೇಕೆಂದು ಅವು ಹೇಳುತ್ತವೆ. ಆದರೆ ನಮ್ಮ ಜನರ ನಿಜವಾದ ಊಟದಲ್ಲಿ ಧಾನ್ಯದ ಪಾಲು ಅರ್ಧಕ್ಕಿಂತ ಹೆಚ್ಚು. ಇದು ಅಜ್ಞಾನವೆ? ೨೦೧೩ರ ಆಹಾರ ಭದ್ರತಾ ಕಾಯಿದೆಯಂತೆ ಬಡವನಿಗೆ ತಿಂಗಳಿಗೆ ದೊರೆಯುವುದು ೫ ಕಿಲೋ ಧಾನ್ಯ. ನ್ಯಾಯಬೆಲೆ ಅಂಗಡಿಯಿಂದ ಅಕ್ಕಿಯ ಚೀಲವನ್ನು ಹೊತ್ತು ಬರುವ ಕೂಲಿಯ ಹೆಂಗಸಿಗೆ, ತಾಯಿ, ಅನ್ನ ಕಡಮೆಮಾಡಿ ಬೇಳೆ ಹೆಚ್ಚಿಸಿ, ಎರಡು ಬಗೆಯ ಹಣ್ಣು ತಿನ್ನಿ ಎಂದರೆ, ಆಕೆ ನಗದೆ ಇನ್ನೇನು ಮಾಡಿಯಾಳು? ಉಪದೇಶದಲ್ಲಿ ಬೇಳೆ, ಪಡಿತರದಲ್ಲಿ ಅಕ್ಕಿ. ಬಾಯಿ ಹೇಳುವುದೊಂದು, ಕೈ ಕೊಡುವುದೊಂದು.

ಕೈ ಸುಮ್ಮನಿಲ್ಲವೆಂಬುದನ್ನೂ ಹೇಳಬೇಕು. ಕರ್ನಾಟಕದ ಶಾಲೆಗಳಲ್ಲಿ ೨೦೧೩ರಿಂದ ಕ್ಷೀರಭಾಗ್ಯದ ಹಾಲು ಬಂದಿತು. ಬಿಸಿಯೂಟದ ಜೊತೆಗೆ ಮೊಟ್ಟೆಯೋ ಬಾಳೆಹಣ್ಣೋ ಬಂದಿತು. ಪಡಿತರಕ್ಕೆ ರಾಗಿಯೂ ಜೋಳವೂ ಸೇರಿದುವು. ೨೦೨೫ರ ಅಕ್ಟೋಬರಿನಲ್ಲಿ ರಾಜ್ಯದ ಮಂತ್ರಿಮಂಡಲವು ಅನ್ನಭಾಗ್ಯದ ಹೆಚ್ಚುವರಿ ೫ ಕಿಲೋ ಅಕ್ಕಿಗೆ ಬದಲಾಗಿ ಬೇಳೆ, ಎಣ್ಣೆ ಮುಂತಾದುವಿರುವ ಕಿಟ್ಟನ್ನು ಕೊಡಲು ನಿರ್ಧರಿಸಿತು. ಅದರಲ್ಲಿ ಸಕ್ಕರೆಗೂ ಸ್ಥಾನ ದೊರೆತುದು ಸೂತ್ರಕಾರರಿಗೆ ಸಂತೋಷ ತರಲಾರದು. ಆದರೆ ಸೂತ್ರದ ಬೇಳೆ ತಟ್ಟೆಯ ಕಡೆಗೆ ಒಂದು ಹೆಜ್ಜೆ ಇಟ್ಟಿತೆನ್ನಬಹುದು.

ನಮ್ಮ ತೀರ್ಮಾನ

ಸರಕಾರದ ಆಹಾರಸೂತ್ರಗಳಿಂದ ಜನಾರೋಗ್ಯ ಹೆಚ್ಚುವುದೆ ಎಂಬ ಪ್ರಶ್ನೆಗೆ ‘ಹೌದು’ ಎಂದಾಗಲಿ ‘ಇಲ್ಲ’ ಎಂದಾಗಲಿ ಒಂದೇ ಮಾತಿನ ಉತ್ತರವಿಲ್ಲ. ವ್ಯಕ್ತಿಗೆ ಹೇಳಿದ ಉಪದೇಶವಾಗಿ ಅವುಗಳ ಬಲ ಅಲ್ಪ. ಕಣಜಕ್ಕೆ, ಗಿರಣಿಗೆ, ಶಾಲೆಯ ಅಡಿಗೆಮನೆಗೆ ಹೇಳಿದ ಆಜ್ಞೆಯಾಗಿ ಅವುಗಳ ಬಲ ಬಹಳ.

ಆ ಬಲದಲ್ಲಿಯೇ ಅಪಾಯವೂ ಇದೆಯೆಂಬುದನ್ನು ಮರೆಯಲಾಗದು. ತಪ್ಪು ಉಪದೇಶವು ಅದನ್ನು ಪಾಲಿಸಿದವರನ್ನು ಮಾತ್ರ ಕೆಡಿಸುತ್ತದೆ. ತಪ್ಪು ಬೆರಕೆ ಎಲ್ಲರನ್ನೂ ಕೆಡಿಸಬಲ್ಲದು. ಫೋಲಿಕ್ ಆಮ್ಲವು ಅತಿಯಾದರೆ ಬಿ-೧೨ ಜೀವಸತ್ವದ ಕೊರತೆಯ ಮೊದಲ ಚಿಹ್ನೆಗಳನ್ನು ಅದು ಮರೆಮಾಡಬಹುದೆಂಬ ಶಂಕೆಯುಂಟು. ಸಸ್ಯಾಹಾರಿಗಳು ಹೆಚ್ಚಾಗಿರುವ ನಮ್ಮಲ್ಲಿ ಆ ಕೊರತೆ ಅಪರೂಪವಲ್ಲ. ಆದ್ದರಿಂದ ಕರಪತ್ರಕ್ಕೆ ಬೇಕಾದುದಕ್ಕಿಂತ ಕಠಿಣವಾದ ಸಾಕ್ಷ್ಯ ಕಣಜಕ್ಕೆ ಬೇಕು. ಬೆರೆಸಿದ ಮೇಲೆ ಅಳೆದು ನೋಡುವ ವ್ಯವಸ್ಥೆಯೂ, ತಪ್ಪೆಂದು ಕಂಡರೆ ಹಿಂತೆಗೆಯುವ ಧೈರ್ಯವೂ ಬೇಕು. ಸೂತ್ರಗಳು ಬದಲಾಗುತ್ತವೆಂದು ಕೆಲವರು ಹಾಸ್ಯಮಾಡುವರು. ಬದಲಾದುದು ದೋಷವಲ್ಲ, ಕಡಲೆಕಾಯಿಯ ವಿಷಯದಲ್ಲಿ ಬದಲಾಗಲು ಹದಿನೈದಕ್ಕೂ ಹೆಚ್ಚು ವರ್ಷಗಳು ಹಿಡಿದುದು ದೋಷ.

ಇನ್ನು ಮುಂದೆ ಯಾವುದಾದರೂ ಹೊಸ ಆಹಾರಸೂತ್ರ ಹೊರಟಾಗ ವಾಚಕರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಇದನ್ನು ಜನರ ಮೇಲೆ ಪರೀಕ್ಷಿಸಿರುವರೆ, ಅಥವಾ ಊಹೆಯೆ? ಇದನ್ನು ಪಾಲಿಸಲು ಬೇಕಾದ ವಸ್ತು ನನ್ನ ಊರಿನ ಅಂಗಡಿಯಲ್ಲಿ, ನನ್ನ ಕೈಗೆಟಕುವ ಬೆಲೆಗೆ ಇದೆಯೆ? ಪಾಲಿಸಿದ ಬಳಿಕ ಏನಾಯಿತೆಂದು ಯಾರಾದರೂ ಎಣಿಸುತ್ತಿರುವರೆ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಆ ಪಥ್ಯವನ್ನು ನಂಬಬಹುದು.

ಊಟ ಬಲ್ಲವನಿಗೆ ರೋಗವಿಲ್ಲವೆಂದ ನಮ್ಮ ಹಿರಿಯರ ಮಾತು ಸುಳ್ಳಲ್ಲ. ಆದರೆ ಬಲ್ಲವನ ತಟ್ಟೆಗೆ ಆ ಊಟ ಬಂದು ಬೀಳಬೇಕು. ಅಷ್ಟನ್ನು ನೋಡಿಕೊಳ್ಳುವುದು ಹೊಸ ಹಿರಿಯರಾದ ಸರಕಾರದ ಹೊಣೆ.